ದುಡಿಮೆಯ ಹೆಸರಿನಲ್ಲಿ ಬಂದ ಗುಳಿಗೆ: ಮೆಥಾಂಫೆಟಮೈನ್ ಮತ್ತು ಅದು ಹೊಕ್ಕ ಮನೆಗಳ ಚರಿತ್ರೆ

ಮಾದಕ ದ್ರವ್ಯ ಎಂದಾಕ್ಷಣ ನಮ್ಮ ಕಣ್ಣೆದುರು ಬರುವುದು ಕತ್ತಲ ಓಣಿ, ಕೆಟ್ಟ ಸಹವಾಸ, ಶಾಲೆ ಬಿಟ್ಟು ಅಲೆಯುವ ಹುಡುಗರು. ಗಾಂಜಾ, ಅಫೀಮುಗಳ ಬಗ್ಗೆ ಹಿರಿಯರು ನಮಗೆ ಹೇಳಿಕೊಟ್ಟದ್ದೂ ಹಾಗೆಯೇ. ಆದರೆ ಇಂದು 'ಐಸ್', 'ಕ್ರಿಸ್ಟಲ್', 'ಮೆಥ್' ಎಂಬ ಹೆಸರುಗಳಲ್ಲಿ ಓಡಾಡುವ ಮೆಥಾಂಫೆಟಮೈನ್ ಎಂಬ ದ್ರವ್ಯದ ಚರಿತ್ರೆಯನ್ನು ಬಿಡಿಸಿ ನೋಡಿದರೆ ಆರಂಭದ ಪುಟಗಳಲ್ಲಿ ಈ ದೃಶ್ಯಗಳು ಯಾವುವೂ ಸಿಗುವುದಿಲ್ಲ. ಅಲ್ಲಿರುವುದು ಪ್ರಯೋಗಾಲಯ, ಔಷಧದ ಅಂಗಡಿ, ಸೇನೆಯ ಶಿಬಿರ, ರಾತ್ರಿ ಪಾಳಿಯ ಕಾರ್ಖಾನೆ, ಬರಹಗಾರನ ಮೇಜು. ಸೋಮಾರಿಗಳನ್ನಲ್ಲ, ದುಡಿಯುವವರನ್ನೇ ಅದು ಮೊದಲು ಹುಡುಕಿಕೊಂಡು ಬಂತು. ಕಳ್ಳನಂತೆ ಹಿತ್ತಲಿನಿಂದಲ್ಲ, ನೆಂಟನಂತೆ ಮುಂಬಾಗಿಲಿನಿಂದಲೇ ಒಳಗೆ ಬಂತು. ಈ ಸಂಗತಿ ನಮ್ಮ ವಿದ್ಯಾರ್ಥಿಗಳಿಗೆ ಮುಖ್ಯವಾಗಿ ತಿಳಿದಿರಬೇಕೆಂಬ ಉದ್ದೇಶದಿಂದ ಈ ಲೇಖನ.

ಕತೆ ಆರಂಭವಾಗುವುದು ಒಂದು ಗಿಡದಿಂದ. ಚೀನೀಯರು 'ಮಾ ಹ್ವಾಂಗ್' ಎಂದು ಕರೆಯುವ ಎಫೆಡ್ರಾ ಗಿಡವನ್ನು ಶತಮಾನಗಳಿಂದಲೂ ನೆಗಡಿ, ಉಬ್ಬಸಗಳಿಗೆ ಕಷಾಯ ಮಾಡಿ ಕುಡಿಸುತ್ತಿದ್ದರು. ಅದೇ ಕುಲದ ಗಿಡಗಳು ನಮ್ಮ ಹಿಮಾಲಯದ ಒಣ ಇಳಿಜಾರುಗಳಲ್ಲೂ ಬೆಳೆಯುತ್ತವೆ. ಜಪಾನಿನ ನಗಾಯ್ ನಗಯೋಶಿ ಎಂಬ ರಸಾಯನಶಾಸ್ತ್ರಜ್ಞ ಬರ್ಲಿನ್‌ನಲ್ಲಿ ಹಲವು ವರ್ಷ ಕಲಿತು ತಾಯ್ನಾಡಿಗೆ ಮರಳಿದವರು. 1885ರಲ್ಲಿ ಅವರು ಈ ಗಿಡದ ಸತ್ವವಾದ ಎಫೆಡ್ರಿನ್ ಅನ್ನು ಬೇರ್ಪಡಿಸಿದರು. ಉಬ್ಬಸದ ರೋಗಿಗಳಿಗೆ ಅದು ದೊಡ್ಡ ಉಪಕಾರವಾಯಿತು. 1893ರಲ್ಲಿ ಅದೇ ಎಫೆಡ್ರಿನ್‌ನಿಂದ ಇನ್ನೊಂದು ವಸ್ತುವನ್ನೂ ತಯಾರಿಸಿದರು. ಅದೇ ಮೆಥಾಂಫೆಟಮೈನ್. 1919ರಲ್ಲಿ ಒಗಾತಾ ಅಕಿರಾ ಎಂಬ ಮತ್ತೊಬ್ಬ ಜಪಾನೀ ವಿಜ್ಞಾನಿ ಅದನ್ನು ಹರಳಿನ ರೂಪಕ್ಕೆ ತಂದರು. ಇವರಿಬ್ಬರೂ ಕೆಡುಕಿನ ಉದ್ದೇಶದವರಲ್ಲ. ಹರಳು ಸುಮಾರು ಎರಡು ದಶಕಗಳ ಕಾಲ ಹೆಚ್ಚಿನ ಗಮನ ಸೆಳೆಯದೆ ಉಳಿಯಿತು. ಅದಕ್ಕೆ ಬೇಡಿಕೆ ಹುಟ್ಟಿಸಿದ್ದು ಯುದ್ಧ.

ಬರ್ಲಿನ್‌ನ ಟೆಮ್ಲರ್ ಕಂಪೆನಿ 1938ರಲ್ಲಿ 'ಪರ್ವಿಟಿನ್' ಎಂಬ ಹೆಸರಿನಲ್ಲಿ ಮೆಥಾಂಫೆಟಮೈನ್ ಗುಳಿಗೆಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಮೊದಲು ವೈದ್ಯರ ಚೀಟಿಯೂ ಬೇಕಿರಲಿಲ್ಲ. ಆಯಾಸಕ್ಕೆ, ಮಂಕಿಗೆ, ಹಸಿವು ಕಡಿಮೆ ಮಾಡಲು ಜನ ಅದನ್ನು ಕೊಂಡರು. ಮನೆಗೆಲಸದಿಂದ ದಣಿದ ಗೃಹಿಣಿಯರಿಗೆಂದು ಅದನ್ನು ಬೆರೆಸಿದ ಚಾಕೊಲೇಟ್ ಕೂಡ ಮಾರಾಟಕ್ಕೆ ಬಂದಿತ್ತು. 1940ರಲ್ಲಿ ಫ್ರಾನ್ಸಿನ ಮೇಲೆ ದಂಡೆತ್ತಿ ಹೋಗುವ ತಿಂಗಳುಗಳಲ್ಲಿ ಜರ್ಮನ್ ಸೇನೆಗೆ ಸುಮಾರು 3.5 ಕೋಟಿ ಗುಳಿಗೆಗಳು ಸರಬರಾಜಾದವು. ಹಗಲು ರಾತ್ರಿ ನಿಲ್ಲದೆ ನಡೆದ ಆ ದಂಡಯಾತ್ರೆಯ ವೇಗದಲ್ಲಿ ಈ ಗುಳಿಗೆಗೂ ಪಾಲಿದೆ.

ಮುಂದೆ 1972ರಲ್ಲಿ ನೊಬೆಲ್ ಸಾಹಿತ್ಯ ಪ್ರಶಸ್ತಿ ಪಡೆದ ಹೈನ್ರಿಶ್ ಬೋಲ್ ಆಗ ಇಪ್ಪತ್ತೆರಡರ ತರುಣ ಸೈನಿಕ. ಅವರು ಕಲೋನ್ ನಗರದಲ್ಲಿದ್ದ ಮನೆಯವರಿಗೆ ಬರೆದ ಪತ್ರಗಳು ಉಳಿದಿವೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಬೇಡಿಕೆ ಒಂದೇ: ಪರ್ವಿಟಿನ್ ಕಳಿಸಿ. ಮಗ ಕಾವಲಿನಲ್ಲಿ ತೂಕಡಿಸಬಾರದೆಂದು ಹೆತ್ತವರು ಅಂಚೆಯಲ್ಲಿ ಗುಳಿಗೆ ಕಳಿಸಬೇಕಾದ ಕಾಲವದು. ಅವರನ್ನು ದೂರುವುದು ಹೇಗೆ? ಗುಳಿಗೆ ಔಷಧದ ಅಂಗಡಿಯಲ್ಲಿ ಸಿಗುತ್ತಿತ್ತು, ಸರಕಾರವೇ ಸೈನಿಕರಿಗೆ ಹಂಚುತ್ತಿತ್ತು. 1941ರಲ್ಲಿ ಜರ್ಮನ್ ಸರಕಾರ ಅದನ್ನು ಅಫೀಮು ಕಾನೂನಿನ ಕಟ್ಟುಪಾಡಿಗೆ ತಂದಿತು. ಆದರೂ ಯುದ್ಧ ಮುಗಿಯುವವರೆಗೆ ಸೇನೆಯಲ್ಲಿ ಬಳಕೆ ನಿಲ್ಲಲಿಲ್ಲ.

ಜಪಾನಿಗೆ ಬರೋಣ. ಏಕೆಂದರೆ ಒಂದು ಇಡೀ ದೇಶದ ಮನೆಮನೆಗಳನ್ನು ಈ ದ್ರವ್ಯ ಮೊದಲು ಅಲುಗಾಡಿಸಿದ್ದು ಅಲ್ಲಿಯೇ. ದೈನಿಪ್ಪೊನ್ ಎಂಬ ಔಷಧ ಕಂಪೆನಿ 1941ರಲ್ಲಿ 'ಫಿಲೊಪೊನ್' ಎಂಬ ಹೆಸರಿನಲ್ಲಿ ಅದನ್ನು ಮಾರಲು ಆರಂಭಿಸಿತು. ಜನರ ಬಾಯಲ್ಲಿ ಅದು 'ಹಿರೊಪೊನ್' ಆಯಿತು. ಈ ಹೆಸರಿನ ಮೂಲ ಗ್ರೀಕ್ ಭಾಷೆಯದು. ಅರ್ಥ: ದುಡಿಮೆಯನ್ನು ಪ್ರೀತಿಸುವುದು. ಇಷ್ಟು ಸಭ್ಯವಾದ ಹೆಸರಿಟ್ಟುಕೊಂಡ ವಿಷ ಇನ್ನೊಂದಿರಲಾರದು. ಯುದ್ಧಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಗಳ ರಾತ್ರಿ ಪಾಳಿಯವರಿಗೆ ಅದನ್ನು ಕೊಡಲಾಯಿತು. ಕತ್ತಲಲ್ಲಿ ವಿಮಾನ ಹಾರಿಸುವವರಿಗೆ ಕೊಟ್ಟದ್ದಕ್ಕೆ 'ಬೆಕ್ಕಿನ ಕಣ್ಣಿನ ಗುಳಿಗೆ' ಎಂದು ಹೆಸರಾಯಿತು. ಹಸಿರು ಚಹಾದ ಪುಡಿ ಬೆರೆಸಿ ಮಾಡಿದ 'ದಾಳಿಯ ಗುಳಿಗೆ'ಯೂ ಇತ್ತು. ಮರಳಿ ಬಾರದ ದಾಳಿಗೆ ಹೊರಟ ಎಳೆಯ ಪೈಲಟ್‌ಗಳಿಗೆ ಅದನ್ನು ಕೊಡುತ್ತಿದ್ದರು.

1945ರ ಆಗಸ್ಟಿನಲ್ಲಿ ಜಪಾನ್ ಶರಣಾಯಿತು. ನಗರಗಳು ಸುಟ್ಟು ಬೂದಿಯಾಗಿದ್ದವು, ಅನ್ನಕ್ಕೆ ಹಾಹಾಕಾರವಿತ್ತು. ಸೇನೆಯ ಉಗ್ರಾಣಗಳಲ್ಲಿ ದಾಸ್ತಾನಿದ್ದ ಹಿರೊಪೊನ್ ಮಾತ್ರ ಹೇರಳವಾಗಿ ಮಾರುಕಟ್ಟೆಗೆ ಹರಿಯಿತು. ಅಕ್ಕಿ ಸಿಗದ ಪೇಟೆಯಲ್ಲಿ ಹಸಿವನ್ನೂ ನಿದ್ದೆಯನ್ನೂ ಮರೆಸುವ ವಸ್ತು ಅಗ್ಗವಾಗಿ ಸಿಗುತ್ತಿತ್ತು. ಗುಳಿಗೆಯ ಜೊತೆಗೆ ಚುಚ್ಚುಮದ್ದಿನ ಸೀಸೆಗಳೂ ಬಂದವು. ಯಾರು ಕೊಂಡರು? ರಾತ್ರಿ ಕೆಲಸದ ಕಾರ್ಮಿಕರು, ನಾಟಕ ಸಿನಿಮಾದವರು, ಪತ್ರಿಕೆಗಳಿಗೆ ಗಡುವಿನೊಳಗೆ ಬರೆದು ಕೊಡಬೇಕಾದ ಲೇಖಕರು, ವಿದ್ಯಾರ್ಥಿಗಳು. ತಂದೆ ತಾಯಿ ಕಳೆದುಕೊಂಡು ರೈಲು ನಿಲ್ದಾಣಗಳಲ್ಲಿ ಮಲಗುತ್ತಿದ್ದ ಹುಡುಗರೂ ಕೆಲ ವರ್ಷಗಳಲ್ಲೇ ಈ ಸಾಲಿಗೆ ಸೇರಿದರು.

ಲೇಖಕರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬಡವರ ಮನೆಯ ಸಂಕಟ ಪೊಲೀಸರ ಅಂಕಿಸಂಖ್ಯೆಯಲ್ಲಿ ಮುಗಿದು ಹೋಗುತ್ತದೆ. ಬರೆಯಬಲ್ಲವರ ಮನೆಯದು ಮಾತ್ರ ದಾಖಲೆಯಾಗಿ ಉಳಿಯುತ್ತದೆ. ಓಸಾಕಾದ ಜನಪ್ರಿಯ ಲೇಖಕ ಒದಾ ಸಕುನೊಸುಕೆ ಹಿರೊಪೊನ್ ಚುಚ್ಚಿಸಿಕೊಂಡು ಹಗಲೂ ರಾತ್ರಿ ಬರೆದವರು. ಮೊದಲೇ ಕ್ಷಯ ಹಿಡಿದಿದ್ದ ದೇಹ. 1947ರ ಜನವರಿಯಲ್ಲಿ ಅವರು ತೀರಿಕೊಂಡಾಗ ವಯಸ್ಸು ಮೂವತ್ಮೂರು. ಅವರ ಸಮಕಾಲೀನ ಸಕಾಗುಚಿ ಅಂಗೊ 1946ರಲ್ಲಿ ಬರೆದ ಒಂದೇ ಪ್ರಬಂಧದಿಂದ ದೇಶದಾದ್ಯಂತ ಹೆಸರಾದವರು. ಹೆಸರಿನ ಹಿಂದೆಯೇ ಬರಹದ ಬೇಡಿಕೆಯೂ ಬಂತು. ಬರೆಯಲು ಎಚ್ಚರವಿರಬೇಕು, ಅದಕ್ಕೆ ಹಿರೊಪೊನ್. ಎರಡು ಮೂರು ದಿನ ಎಚ್ಚರವಿದ್ದ ಮೇಲೆ ನಿದ್ದೆ ಬಾರದು, ಅದಕ್ಕೆ ನಿದ್ರೆಯ ಗುಳಿಗೆ. ಎದ್ದ ಮೇಲೆ ಮಂಕು ಕಳೆಯಲು ಮತ್ತೆ ಹಿರೊಪೊನ್. 1949ರಲ್ಲಿ ಅವರನ್ನು ಟೋಕಿಯೊ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಸೇರಿಸಬೇಕಾಯಿತು. ಹೊರಗೆ ಬಂದ ಮೇಲೂ ಆ ಎರಡು ಗುಳಿಗೆಗಳ ನಡುವಿನ ಜೋಕಾಲಿ ಪೂರ್ತಿ ನಿಲ್ಲಲಿಲ್ಲ.

ಅವರ ಹೆಂಡತಿ ಮಿಚಿಯೊ. 1951ರಲ್ಲಿ ಯಾರೋ ತನ್ನನ್ನು ಹಿಡಿಯಲು ಬರುತ್ತಿದ್ದಾರೆ ಎಂಬ ಭಯ ಹತ್ತಿಸಿಕೊಂಡ ಸಕಾಗುಚಿ, ದಾನ್ ಕಜುವೊ ಎಂಬ ಲೇಖಕ ಮಿತ್ರರ ಮನೆಯಲ್ಲಿ ಅಡಗಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ಮಿಚಿಯೊಳಿಗೆ ಹೇಳಿದರು: ನೂರು ಪ್ಲೇಟು ಅನ್ನ ಮತ್ತು ಕರಿ ತರಿಸು. ಆಕೆ ಎದುರು ಮಾತಾಡಲಿಲ್ಲ. ಹೋಗಿ ಹೋಟೆಲಿಗೆ ಹೇಳಿಬಂದಳು. ತಟ್ಟೆಗಳು ಒಂದರ ಹಿಂದೆ ಒಂದು ಬಂದವು. ಮನೆಯವರೆಲ್ಲ ಕುಳಿತು ತಿನ್ನತೊಡಗಿದರು. ಜಪಾನೀ ಸಾಹಿತ್ಯ ವಲಯದಲ್ಲಿ ಇದನ್ನು ಇಂದಿಗೂ ತಮಾಷೆಯ ಕತೆಯಾಗಿ ಹೇಳುವುದುಂಟು. ನನಗೆ ಅದರಲ್ಲಿ ತಮಾಷೆ ಕಾಣುವುದಿಲ್ಲ. ಹೋಟೆಲಿನವನ ಮುಂದೆ ನಿಂತು 'ನೂರು ಪ್ಲೇಟು' ಎಂದು ಹೇಳಬೇಕಾದವಳ ಮುಖ ನೆನಪಿಗೆ ಬರುತ್ತದೆ. ಬೇಡವೆಂದರೆ ಏನಾಗುವುದೆಂದು ಅವಳಿಗೆ ಗೊತ್ತಿತ್ತು. ವ್ಯಸನಿಯ ಮನೆಯವರು ಕಲಿಯುವ ಮೊದಲ ಪಾಠವೇ ಇದು: ಇವತ್ತಿನ ಗಲಾಟೆ ತಪ್ಪಲಿ, ನಾಳೆಯದು ನಾಳೆಗೆ. 1953ರಲ್ಲಿ ಮಗ ಹುಟ್ಟಿದ ಹೊತ್ತಿಗೆ ತಂದೆ ಮತ್ಸುಮೊತೊ ನಗರದಲ್ಲಿ ಅಮಲಿನ ರಾದ್ಧಾಂತ ಮಾಡಿ ಪೊಲೀಸರ ಕೈಗೆ ಸಿಕ್ಕಿದ್ದರು. 1955ರ ಫೆಬ್ರವರಿಯಲ್ಲಿ, ಮಗುವಿಗೆ ಎರಡು ವರ್ಷವೂ ತುಂಬುವ ಮೊದಲೇ, ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಮಿಚಿಯೊ ಹೊಟ್ಟೆಪಾಡಿಗಾಗಿ ಟೋಕಿಯೊದಲ್ಲಿ ಬಾರ್ ನಡೆಸಿದರು. ತಮ್ಮ ಸಂಸಾರದ ನೆನಪುಗಳನ್ನು ಪುಸ್ತಕವಾಗಿ ಹೊರತಂದದ್ದು 1967ರಲ್ಲಿ, ಗಂಡ ಸತ್ತು ಹನ್ನೆರಡು ವರ್ಷಗಳ ಮೇಲೆ.

ದೇಹದೊಳಗೆ ಏನಾಗುತ್ತದೆ?

ಈ ದ್ರವ್ಯ ಏಕೆ ಹೀಗೆ ಮಾಡುತ್ತದೆ ಎಂಬುದನ್ನು ಚುಟುಕಾಗಿ ಹೇಳುವುದಾದರೆ, ನಮ್ಮ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವಿದೆ. ಹಸಿದಾಗ ಉಂಡರೆ, ಮೆಚ್ಚಿದ ಕೆಲಸ ಕೈಗೂಡಿದರೆ, ಮಗುವಿನ ನಗು ಕಂಡರೆ ಅದು ಸ್ವಲ್ಪ ಸ್ವಲ್ಪ ಒಸರುತ್ತದೆ. ಮೆಥಾಂಫೆಟಮೈನ್ ಅದನ್ನು ಒಮ್ಮೆಲೇ ಹೊಳೆಯಾಗಿ ಹರಿಸುತ್ತದೆ ಮಾತ್ರವಲ್ಲ, ಮರಳಿ ಒಳಕ್ಕೆ ಹೋಗದಂತೆ ತಡೆಯುತ್ತದೆ. ಕೊಕೇನಿನ ಅಮಲು ಗಂಟೆಯೊಳಗೆ ಇಳಿದರೆ ಇದರದು ಅರ್ಧ ದಿನವಾದರೂ ಇಳಿಯದು. ಆ ಹೊತ್ತು ದಣಿವಿಲ್ಲ, ಹಸಿವಿಲ್ಲ, ಭಯವಿಲ್ಲ. ಇಳಿದ ಮೇಲೆ ಬರುವುದು ಹೆಣದಂತಹ ನಿದ್ದೆ, ಎದ್ದ ಮೇಲೆ ಯಾವುದರಲ್ಲೂ ರುಚಿಯಿಲ್ಲದ ಖಾಲಿತನ. ಉಣ್ಣುವುದು, ಓದುವುದು, ಮನೆಯವರ ಜೊತೆ ಮಾತು, ಎಲ್ಲವೂ ಸಪ್ಪೆ. ಮುಂದೆ ಮುಂದೆ ಮೈ ಸೊರಗುತ್ತದೆ, ಹಲ್ಲು ಹುಳುಕಾಗಿ ಉದುರುತ್ತವೆ, ಚರ್ಮದಡಿ ಹುಳು ಹರಿದಂತಾಗಿ ಕೆರೆದು ಹುಣ್ಣಾಗುತ್ತದೆ, ಹೃದಯಕ್ಕೆ ಪೆಟ್ಟು ಬೀಳುತ್ತದೆ.

ಮನೆಯವರನ್ನು ಎಲ್ಲಕ್ಕಿಂತ ಹೆಚ್ಚು ಕಂಗೆಡಿಸುವುದು ಸಂಶಯ. ಯಾರೋ ಹಿಂಬಾಲಿಸುತ್ತಿದ್ದಾರೆ, ಗೋಡೆಯಾಚೆ ಪಿಸುಗುಡುತ್ತಿದ್ದಾರೆ, ಹೆಂಡತಿ ಮೋಸ ಮಾಡುತ್ತಿದ್ದಾಳೆ, ತಾಯಿ ಅನ್ನಕ್ಕೆ ಏನೋ ಬೆರೆಸಿದ್ದಾಳೆ. ಟೋಕಿಯೊದ ಮತ್ಸುಜಾವಾ ಮಾನಸಿಕ ಆಸ್ಪತ್ರೆಯಲ್ಲಿ ಇಂತಹ ನೂರಾರು ರೋಗಿಗಳು ಸೇರಿದರು. ಜಪಾನೀ ವೈದ್ಯರು 1956ರಲ್ಲೇ ಈ ಕಾಯಿಲೆಯ ಬಗ್ಗೆ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಕೆಲವರಲ್ಲಿ ಚುಚ್ಚುವುದು ನಿಲ್ಲಿಸಿ ತಿಂಗಳುಗಳಾದರೂ ಭ್ರಮೆ ಹೋಗುತ್ತಿರಲಿಲ್ಲ. ಹೋದದ್ದೂ ಒಂದು ಸಣ್ಣ ಆಘಾತಕ್ಕೆ ಮರಳಿ ಬರುತ್ತಿತ್ತು. ಬಿಟ್ಟು ಬಂದ ಮಗ ಒಂದು ರಾತ್ರಿ ಮತ್ತೆ ಕಿಟಕಿಯ ಸಂದಿಯಲ್ಲಿ ಇಣುಕತೊಡಗಿದರೆ, ಕದ್ದು ಮತ್ತೆ ತೆಗೆದುಕೊಂಡಿದ್ದಾನೆ ಎಂದೇ ಮನೆಯವರು ತಿಳಿಯುತ್ತಾರೆ. ಅವನು ತೆಗೆದುಕೊಂಡಿರದೆಯೂ ಇರಬಹುದು. ಎಷ್ಟು ಮನೆಗಳಲ್ಲಿ ಈ ಒಂದು ತಪ್ಪು ತಿಳಿವಳಿಕೆಯಿಂದಲೇ ಮಾತು ಮುರಿದಿರಬಹುದೋ!

ಕಾನೂನು ಬಂತು, ಹೊಣೆ ಮನೆಗೆ ಬಿತ್ತು

ಜಪಾನ್ ಸರಕಾರ 1949ರಲ್ಲಿ ತಯಾರಿಕೆಗೆ ಕಡಿವಾಣ ಹಾಕಲು ನೋಡಿತು. 1951ರಲ್ಲಿ ಉತ್ತೇಜಕ ದ್ರವ್ಯ ನಿಯಂತ್ರಣ ಕಾಯ್ದೆಯನ್ನೇ ತಂದಿತು. ಕಂಪೆನಿಗಳು ನಿಲ್ಲಿಸಿದವು, ಗುಡಿಸಲುಗಳಲ್ಲಿ ಕಳ್ಳ ತಯಾರಿಕೆ ಆರಂಭವಾಯಿತು. ಆಗ ಪತ್ರಿಕೆಗಳೂ ಪೊಲೀಸರೂ ಬೆರಳು ತೋರಿಸಿದ್ದು ಜಪಾನಿನಲ್ಲಿ ನೆಲೆಸಿದ್ದ ಕೊರಿಯನ್ನರ ಕಡೆಗೆ. ಬೇರೆ ಕೆಲಸ ಸಿಗದ ಆ ಬಡ ಕೇರಿಗಳಲ್ಲಿ ತಯಾರಿಕೆ ನಡೆದದ್ದು ಸುಳ್ಳಲ್ಲ. ಆದರೆ ಯುದ್ಧಕಾಲದಲ್ಲಿ ಅದನ್ನು ಹಂಚಿದವರು, ಯುದ್ಧದ ಮೇಲೆ ಜಾಹೀರಾತು ಕೊಟ್ಟು ಮಾರಿದವರು ಯಾರೆಂಬುದನ್ನು ಎಲ್ಲರೂ ಬೇಗ ಮರೆತರು. ಒಂದು ದೇಶದ ರೋಗಕ್ಕೆ ಸಣ್ಣ ಸಮುದಾಯವೊಂದನ್ನು ಕಾರಣವೆಂದು ತೋರಿಸುವುದು ಎಲ್ಲ ಕಾಲದಲ್ಲೂ ಸುಲಭದ ಕೆಲಸ.

1954ರ ಏಪ್ರಿಲಿನಲ್ಲಿ ಟೋಕಿಯೊದ ಒಂದು ಪ್ರಾಥಮಿಕ ಶಾಲೆಯಲ್ಲಿ ಪುಟ್ಟ ಬಾಲಕಿಯೊಬ್ಬಳ ಕೊಲೆಯಾಯಿತು. ಕೊಂದವನು ಹಿರೊಪೊನ್ ವ್ಯಸನಿಯಾದ ತರುಣ. ದೇಶವೇ ನಡುಗಿತು. ಆ ವರ್ಷವೊಂದರಲ್ಲೇ ಈ ಕಾಯ್ದೆಯಡಿ ಬಂಧಿತರಾದವರು 55,000ಕ್ಕೂ ಹೆಚ್ಚು. ಬಳಸುತ್ತಿರುವವರು ಐದು ಲಕ್ಷ ಮೀರಿರಬಹುದೆಂದೂ ಒಮ್ಮೆಯಾದರೂ ಬಳಸಿದವರು 20 ಲಕ್ಷವಿರಬಹುದೆಂದೂ ಸರಕಾರದ ಅಂದಾಜಾಗಿತ್ತು. ಶಿಕ್ಷೆ ಹೆಚ್ಚಿಸಲಾಯಿತು, ಕಚ್ಚಾವಸ್ತುವಿಗೂ ಹತೋಟಿ ಬಂತು, ವ್ಯಸನಿಗಳನ್ನು ಬಲವಂತವಾಗಿಯಾದರೂ ಆಸ್ಪತ್ರೆಗೆ ಸೇರಿಸಲು ಕಾನೂನು ತಿದ್ದಲಾಯಿತು. ಅದೇ ಹೊತ್ತಿಗೆ ದೇಶದಲ್ಲಿ ಕೆಲಸಗಳೂ ಹೆಚ್ಚಿದವು. ನಾಲ್ಕೇ ವರ್ಷಗಳಲ್ಲಿ ಬಂಧನಗಳ ಸಂಖ್ಯೆ ಕೆಲವು ನೂರಕ್ಕೆ ಇಳಿಯಿತು. ಜಗತ್ತಿನ ಮಾದಕ ದ್ರವ್ಯಗಳ ಚರಿತ್ರೆಯಲ್ಲಿ ಇಷ್ಟು ಬೇಗ ಇಳಿದ ಪಿಡುಗು ಅಪರೂಪ. ಲಾಠಿಯೊಂದೇ ಇದನ್ನು ಮಾಡಿತು ಎನ್ನುವವರು ಆಸ್ಪತ್ರೆಯನ್ನೂ ಕೆಲಸವನ್ನೂ ಲೆಕ್ಕದಿಂದ ಬಿಡುತ್ತಾರೆ.

ಆದರೆ ಈ ಯಶಸ್ಸಿಗೆ ಇನ್ನೊಂದು ಮಗ್ಗುಲಿತ್ತು. ಮಾನಸಿಕ ರೋಗಿಯ ಹೊಣೆಯನ್ನು ಜಪಾನಿನ 1950ರ ಕಾಯ್ದೆ ಮನೆಯವರ ಮೇಲೆ ಹೊರಿಸಿತ್ತು. ಚಿಕಿತ್ಸೆ ಕೊಡಿಸುವುದು, ಅವನಿಂದ ತನಗಾಗಲಿ ಇತರರಿಗಾಗಲಿ ಅಪಾಯವಾಗದಂತೆ ಕಾಯುವುದು, ಎಲ್ಲವೂ ತಂದೆ, ತಾಯಿ, ಹೆಂಡತಿ, ಅಣ್ಣಂದಿರ ಪಾಲಿಗೆ. 1954ರ ತಿದ್ದುಪಡಿ ಉತ್ತೇಜಕ ವ್ಯಸನಿಗಳನ್ನೂ ಈ ಏರ್ಪಾಡಿನೊಳಗೆ ತಂದಿತು. ಮಗನಿಂದ ಹೊಡೆತ ತಿನ್ನುವ ಮುದಿ ತಾಯಿಯೇ ಕಾನೂನಿನ ದೃಷ್ಟಿಯಲ್ಲಿ ಅವನ ಕಾವಲುಗಾರ್ತಿ! ಮನೆಯವರ ಮೇಲಿನ ಈ ಹೊಣೆಯನ್ನು ಜಪಾನ್ ಕಾನೂನಿನಿಂದ ತೆಗೆದುಹಾಕಿದ್ದು 2013ರ ತಿದ್ದುಪಡಿಯಲ್ಲಿ. ಅಷ್ಟರಲ್ಲಿ ಆರು ದಶಕಗಳೇ ಸಂದಿದ್ದವು.

1970ರ ದಶಕದಲ್ಲಿ ಪಿಡುಗು ಮರಳಿತು. ಈ ಬಾರಿ ವ್ಯಾಪಾರ 'ಯಾಕುಜಾ' ಎಂಬ ಭೂಗತ ಪಡೆಗಳ ಕೈಯಲ್ಲಿ, ಮಾಲು ಹೊರದೇಶಗಳಿಂದ. 1984ರಲ್ಲಿ ಬಂಧಿತರ ಸಂಖ್ಯೆ ಸುಮಾರು 24,000 ಮುಟ್ಟಿತು. ಆ ದಶಕದಲ್ಲಿ ಜಪಾನಿನ ಟಿವಿಗಳಲ್ಲಿ ಒಂದು ಪ್ರಚಾರ ವಾಕ್ಯ ಬರುತ್ತಿತ್ತು. ಅದರ ಅರ್ಥ ಹೀಗೆ: ಉತ್ತೇಜಕವನ್ನು ಬಿಡುತ್ತೀರೋ, ಇಲ್ಲಾ ಮನುಷ್ಯರಾಗಿರುವುದನ್ನೇ ಬಿಡುತ್ತೀರೋ? ಕೇಳಲು ಬಿರುಸಾಗಿದೆ, ಇನ್ನೂ ಮುಟ್ಟದ ಹುಡುಗನನ್ನು ಅದು ಹೆದರಿಸಿರಲೂಬಹುದು. ಆದರೆ ಈಗಾಗಲೇ ಸಿಕ್ಕಿಬಿದ್ದವನ ಮನೆಯಲ್ಲಿ ಆ ಟಿವಿಯ ಮುಂದೆ ಕುಳಿತ ತಂದೆ ತಾಯಿಗೆ ಅದು ಹೇಗೆ ಕೇಳಿಸಿತು? ನಿಮ್ಮ ಮಗ ಇನ್ನು ಮನುಷ್ಯನಲ್ಲ ಎಂದು. ಅಂತಹ ಮಾತು ಕೇಳಿದ ಮನೆ ಆಸ್ಪತ್ರೆಗೆ ಓಡುವುದಿಲ್ಲ. ಬಾಗಿಲು ಹಾಕಿಕೊಳ್ಳುತ್ತದೆ, ಸಾಲ ಮಾಡಿ ಅವನ ಸಾಲ ತೀರಿಸುತ್ತದೆ, ತಂಗಿಯ ಮದುವೆ ಆಗುವವರೆಗೆ ವಿಷಯ ಹೊರಬೀಳದಿರಲಿ ಎಂದು ಬಾಯಿ ಕಟ್ಟಿಕೊಳ್ಳುತ್ತದೆ. ಜಪಾನಿನ ಮನೋವೈದ್ಯರೇ ಮುಂದೆ ಈ ವಾಕ್ಯವನ್ನು ಕಟುವಾಗಿ ಟೀಕಿಸಿದರು. ಹೆದರಿಕೆಯಿಂದ ರೋಗಿಗಳು ಚಿಕಿತ್ಸೆಯಿಂದ ದೂರ ಉಳಿದರು ಎಂಬುದು ಅವರ ಅನುಭವ.

ಬದಲಾವಣೆ ಬಂದದ್ದು ಸರಕಾರದಿಂದಲ್ಲ. ಸ್ವತಃ ಉತ್ತೇಜಕದ ಚಟಕ್ಕೆ ಬಿದ್ದು ಬಂಧನ ಕಂಡಿದ್ದ ಕೊಂಡೊ ತ್ಸುನೆಯೊ ಎಂಬವರು 1985ರಲ್ಲಿ ಟೋಕಿಯೊದ ಒಂದು ಸಾಧಾರಣ ಮನೆಯಲ್ಲಿ 'ದಾರ್ಕ್' ಎಂಬ ಕೇಂದ್ರ ತೆರೆದರು. ಅಲ್ಲಿ ಚಟ ಬಿಡಲು ಬಂದವರೂ ಬಿಟ್ಟವರೂ ಒಟ್ಟಿಗೆ ವಾಸಿಸುತ್ತಾರೆ. ದಿನವೂ ವೃತ್ತವಾಗಿ ಕುಳಿತು ಇಂದು ಹೇಗಿದ್ದೆ ಎಂದು ಹೇಳಿಕೊಳ್ಳುತ್ತಾರೆ. ಜಾರಿ ಮತ್ತೆ ಬಳಸಿದವನೂ ಬಂದು ಹೇಳಬಹುದು. ಇಂತಹ ಕೇಂದ್ರಗಳು ದೇಶದ ಉದ್ದಗಲಕ್ಕೆ ಹಬ್ಬಿದವು. ಅವುಗಳ ನೆರಳಿನಲ್ಲೇ ಮನೆಯವರ ಸಭೆಗಳೂ ಬೆಳೆದವು. ಮಗ ಬರದಿದ್ದರೂ ತಾಯಿ ಬರಬಹುದು ಎಂಬುದು ಅಲ್ಲಿಯ ಹೊಸ ವಿಷಯ. ಅವನ ಸಾಲವನ್ನು ತೀರಿಸುವುದು ಪ್ರೀತಿಯಲ್ಲ, ಅವನ ಜೊತೆ ಮಾತು ನಿಲ್ಲಿಸುವುದೂ ಶಿಸ್ತಲ್ಲ ಎಂಬುದನ್ನು ಅವರು ಪರಸ್ಪರರಿಂದ ಕಲಿತರು. 2006ರಲ್ಲಿ ಕನಗಾವಾ ಪ್ರಾಂತ್ಯದ ಸೆರಿಗಾಯಾ ಆಸ್ಪತ್ರೆಯಲ್ಲಿ ಮಾತ್ಸುಮೊತೊ ತೊಶಿಹಿಕೊ ಮತ್ತು ಸಂಗಡಿಗ ವೈದ್ಯರು ವಾರವಾರ ಗುಂಪಾಗಿ ನಡೆಸುವ ಚಿಕಿತ್ಸಾ ಕ್ರಮವೊಂದನ್ನು ಆರಂಭಿಸಿದರು. ಅಲ್ಲಿ ಮೂತ್ರ ಪರೀಕ್ಷೆಯ ಫಲಿತಾಂಶವನ್ನು ಪೊಲೀಸರಿಗೆ ಕೊಡುವುದಿಲ್ಲ. ನಿಜ ಹೇಳಿದವನಿಗೆ ಶಿಕ್ಷೆಯಾಗದ ಒಂದು ಜಾಗವಾದರೂ ಬೇಕು ಎಂಬುದು ಅದರ ತತ್ವ.

ಇತರ ದೇಶಗಳ ಕಡೆಗೆ ಒಂದು ನೋಟ

ಥಾಯ್ಲೆಂಡಿನಲ್ಲಿ ಮೆಥಾಂಫೆಟಮೈನ್ ಗುಳಿಗೆಗೆ ಮೊದಲು 'ಯಾ ಮಾ', ಅಂದರೆ ಕುದುರೆ ಮದ್ದು, ಎಂಬ ಹೆಸರಿತ್ತು. ರಾತ್ರಿಯಿಡೀ ಲಾರಿ ಓಡಿಸುವ ಚಾಲಕರು, ಕೂಲಿಗಳು ಅದನ್ನು ನುಂಗುತ್ತಿದ್ದರು. ಇಲ್ಲೂ ದುಡಿಮೆಯೇ ಬಾಗಿಲು ಎಂಬುದನ್ನು ಗಮನಿಸಬೇಕು. 1996ರಲ್ಲಿ ಸರಕಾರ ಅದಕ್ಕೆ 'ಯಾ ಬಾ', ಹುಚ್ಚು ಮದ್ದು, ಎಂದು ಹೆಸರು ಬದಲಿಸಿತು. ಬಳಕೆ ಇಳಿಯಲಿಲ್ಲ. 2003ರಲ್ಲಿ ಪ್ರಧಾನಿ ತಕ್ಸಿನ್ ಶಿನವತ್ರ ಮಾದಕ ದ್ರವ್ಯದ ವಿರುದ್ಧ ಯುದ್ಧ ಸಾರಿದರು. ಮೊದಲ ಮೂರು ತಿಂಗಳಲ್ಲೇ ಸುಮಾರು 2,800 ಜನರ ಹತ್ಯೆಯಾಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಮಾದಕ ದ್ರವ್ಯದ ಸಂಬಂಧವೇ ಇರಲಿಲ್ಲವೆಂದು 2007ರ ತನಿಖೆ ಕಂಡುಕೊಂಡಿತು. ಆ ಮನೆಗಳಿಗೆ ವ್ಯಸನವೂ ಬಂದಿರಲಿಲ್ಲ, ಸಾವು ಮಾತ್ರ ಬಂತು. 2016ರ ನಂತರ ಫಿಲಿಪ್ಪೀನ್ಸ್ ದೇಶ 'ಶಬು' ಎಂದು ಕರೆಯುವ ಇದೇ ದ್ರವ್ಯದ ಹೆಸರಿನಲ್ಲಿ ಇನ್ನೂ ದೊಡ್ಡ ಪ್ರಮಾಣದ ರಕ್ತಪಾತ ಕಂಡಿತು. ಅಂದಿನ ಅಧ್ಯಕ್ಷ ದುತೆರ್ತೆ ಅವರನ್ನು 2025ರ ಮಾರ್ಚಿನಲ್ಲಿ ಬಂಧಿಸಿ ಹೇಗ್ ನಗರದ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸಲಾಯಿತು.

ಇರಾನಿನಲ್ಲಿ ಅದರ ಹೆಸರು 'ಶೀಶೆ', ಗಾಜು. ಅಫೀಮಿಗೆ ಶತಮಾನಗಳಿಂದ ಒಗ್ಗಿದ ಆ ನಾಡಿಗೆ 2000ದ ದಶಕದಲ್ಲಿ ಹೊಸದಾಗಿ ಬಂದ ಇದು ತೂಕ ಇಳಿಸುವ ಆಸೆಯ ಹೆಂಗಸರನ್ನೂ ಪರೀಕ್ಷೆಗೆ ಓದುವ ಹುಡುಗರನ್ನೂ ಹಿಡಿಯಿತು. ಚಟವಲ್ಲ, ಔಷಧ ಎಂಬ ಮಾತಿನೊಂದಿಗೇ ಅದು ಕೈದಾಟಿತು. ಪಕ್ಕದ ಅಫ್ಘಾನಿಸ್ತಾನದ ಬೆಟ್ಟಗಳಲ್ಲಿ ಎಫೆಡ್ರಾ ಗಿಡ ತಾನೇ ತಾನಾಗಿ ಬೆಳೆಯುತ್ತದೆ. ಕಳೆದ ದಶಕದ ಕೊನೆಯ ಹೊತ್ತಿಗೆ ಅಲ್ಲಿಯ ಬಡ ಹಳ್ಳಿಗರು ಅದನ್ನು ಕೊಯ್ದು ಒಣಗಿಸಿ ಮಾರತೊಡಗಿದರು. ನಗಾಯ್ ಅವರು ಉಬ್ಬಸದ ಮದ್ದು ಹುಡುಕಿದ ಅದೇ ಕುಲದ ಗಿಡ, ಗುಡಿಸಲುಗಳ ಹಂಡೆಗಳಲ್ಲಿ ಹರಳಾಯಿತು. ಕಾಬೂಲಿನಲ್ಲಿ ಅಮೆರಿಕದ ಸೇನಾ ಶಿಬಿರವಾಗಿದ್ದ ಜಾಗದಲ್ಲಿ ವ್ಯಸನಿಗಳ ದೊಡ್ಡ ಆಸ್ಪತ್ರೆಯೊಂದು ತೆರೆಯಿತು. ಅದಕ್ಕೆ ಇಟ್ಟದ್ದು ಮಹಾ ವೈದ್ಯ ಇಬ್ನ್ ಸೀನಾ ಅವರ ಹೆಸರು.

ನಮ್ಮ ದೇಶದಲ್ಲಿ

ಜಪಾನಿನಲ್ಲಿ ಕೊಂಡೊ ಕೇಂದ್ರ ತೆರೆದ 1985ರಲ್ಲೇ ನಮ್ಮಲ್ಲಿ ಎನ್.ಡಿ.ಪಿ.ಎಸ್. ಕಾಯ್ದೆ ಬಂತು. ಮೆಥಾಂಫೆಟಮೈನ್ ಅದರ ಪಟ್ಟಿಯಲ್ಲಿದೆ. ಬಹಳ ಕಾಲ ಇದು ನಮಗೆ ದೂರದ ಸುದ್ದಿಯಾಗಿತ್ತು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಈ ಬಗೆಯ ಉತ್ತೇಜಕಗಳನ್ನು ಬಳಸುವವರು ಶೇ. 0.18 ಮಾತ್ರ. ಆದರೆ ಅಲ್ಲಿಂದೀಚೆಗೆ ಸಮುದ್ರದಲ್ಲಿ ಸಿಕ್ಕ ಮಾಲನ್ನು ನೋಡಿದರೆ ನಿರಾಳವಾಗಿರುವಂತಿಲ್ಲ. 2023ರ ಮೇ ತಿಂಗಳಲ್ಲಿ ಕೇರಳ ಕರಾವಳಿಯಾಚೆ ನೌಕಾಪಡೆ ಮತ್ತು ಮಾದಕ ದ್ರವ್ಯ ನಿಯಂತ್ರಣ ಸಂಸ್ಥೆ ಸೇರಿ ಸುಮಾರು 2,500 ಕಿಲೋ ಮೆಥಾಂಫೆಟಮೈನ್ ಹಿಡಿದವು. 2024ರ ನವೆಂಬರಿನಲ್ಲಿ ಅಂಡಮಾನ್ ಬಳಿ ಮ್ಯಾನ್ಮಾರಿನ ದೋಣಿಯೊಂದರಲ್ಲಿ ಸಿಕ್ಕಿದ್ದು 5,500 ಕಿಲೋಗೂ ಹೆಚ್ಚು. 2025ರ ಮಾರ್ಚಿನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿನಲ್ಲಿ ಹಿಡಿದ ಸುಮಾರು 37 ಕಿಲೋ ಎಂ.ಡಿ.ಎಂ.ಎ. ಬೇರೆ ದ್ರವ್ಯವಾದರೂ ಮೆಥಾಂಫೆಟಮೈನಿನ ರಾಸಾಯನಿಕ ಸೋದರನೇ. ನಮ್ಮ ಕರಾವಳಿಯ ಕಾಲೇಜು ಹುಡುಗರಿಗೆ ಹೆಚ್ಚು ಪರಿಚಯವಾಗಿರುವ ಹೆಸರೂ ಅದೇ. ಪರೀಕ್ಷೆಯ ಹಿಂದಿನ ರಾತ್ರಿ, ಕಾಲ್ ಸೆಂಟರಿನ ರಾತ್ರಿ ಪಾಳಿ, ಎರಡೆರಡು ಕೆಲಸ ಮಾಡುವ ತರುಣ. ಜಪಾನಿನ ಬಾಗಿಲುಗಳು ಇಲ್ಲೂ ಇವೆ.

ಅಫೀಮು, ಹೆರಾಯಿನ್ ಚಟಕ್ಕೆ ಬದಲಿ ಔಷಧಗಳಿವೆ. ಮೆಥಾಂಫೆಟಮೈನಿಗೆ ಅಂತಹ ಒಪ್ಪಿತ ಔಷಧ ಈವರೆಗೆ ಇಲ್ಲ. ಆಪ್ತ ಸಲಹೆ, ಗುಂಪು ಚಿಕಿತ್ಸೆ, ಮನೆಯವರ ಜೊತೆಗಿನ ಕೆಲಸ, ಇವೇ ಮುಖ್ಯ ದಾರಿ. ಅದು ವಾರಗಳ ಮಾತಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಪೂರ್ತಿ ಬಿಟ್ಟವರ ಮೆದುಳಿನಲ್ಲಿ ಕೆಟ್ಟುಹೋದದ್ದು ಒಂದಷ್ಟು ಮರಳಿ ಸರಿಯಾಗುತ್ತದೆ ಎಂಬುದನ್ನು ಸ್ಕ್ಯಾನ್ ಪರೀಕ್ಷೆಗಳು ತೋರಿಸಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಸರಕಾರದ ಉಚಿತ ಸಹಾಯವಾಣಿಯ ಸಂಖ್ಯೆ 14446.

ಇನ್ನೊಂದು ವಿಷಯ ನಮ್ಮ ಬಹಳಷ್ಟು ಮನೆಗಳಿಗೆ ಗೊತ್ತಿಲ್ಲ. ಮಗನನ್ನು ಆಸ್ಪತ್ರೆಗೆ ಕರೆದೊಯ್ದರೆ ಪೊಲೀಸ್ ಕೇಸ್ ಆಗುತ್ತದೆಂದು ಹೆದರಿ ಕೋಣೆಯಲ್ಲಿ ಕೂಡಿಹಾಕುವ ತಂದೆ ತಾಯಿಯರಿದ್ದಾರೆ. ಎನ್.ಡಿ.ಪಿ.ಎಸ್. ಕಾಯ್ದೆಯ 64ಎ ವಿಧಿಯನ್ನು ಅವರು ಓದಬೇಕು, ಓದಲಾಗದಿದ್ದರೆ ಬಲ್ಲ ವಕೀಲರನ್ನು ಕೇಳಬೇಕು. ಬಳಕೆಯ ಅಥವಾ ಸಣ್ಣ ಪ್ರಮಾಣದ ಆರೋಪಕ್ಕೆ ಒಳಗಾದ ವ್ಯಸನಿ ತಾನಾಗಿ ಮುಂದೆ ಬಂದು ಸರಕಾರಿ ಅಥವಾ ಸರಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಆ ಆರೋಪಕ್ಕಾಗಿ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಮಾತ್ರ ಈ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. ಮಾರಾಟಗಾರನಿಗೆ ಇದು ಅನ್ವಯಿಸುವುದಿಲ್ಲ. ಮೆಥಾಂಫೆಟಮೈನಿಗೆ ಸಂಬಂಧಿಸಿ ಸಣ್ಣ ಪ್ರಮಾಣವೆಂದರೆ 2 ಗ್ರಾಂ. 50 ಗ್ರಾಂ ಮೀರಿದರೆ ಅದು ವಾಣಿಜ್ಯ ಪ್ರಮಾಣ, ಶಿಕ್ಷೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲ. ಈ ಎರಡರ ನಡುವೆ ಇರುವ ಹುಡುಗರೇ ಹೆಚ್ಚು. ಗೆಳೆಯರಿಗೆಂದು ನಾಲ್ಕಾರು ಗ್ರಾಂ ತಂದು ಕೊಡುತ್ತಾ ಹೋದವನು ತಾನು ವ್ಯಾಪಾರಿ ಎಂದು ಎಂದೂ ಭಾವಿಸಿರುವುದಿಲ್ಲ. ಅವನ ತಾಯಿಗಂತೂ ಆ ಗ್ರಾಂ ಲೆಕ್ಕ ತಿಳಿಯುವುದು ನ್ಯಾಯಾಲಯದಲ್ಲಿಯೇ.